ಕೊನೇ ಪದ ಎಲ್ಲಿ ಹೋಯ್ತು? ಕಿರುತೆರೆ ನಟಿಯೊಬ್ಬರು ಕಂಠದಾನಕ್ಕೆ ಹೊರಳಿದ ಪ್ರಕರಣ

ಹಿನ್ನೆಲೆ

ಈ ಪ್ರಕರಣದ ಕಲಾವಿದೆಗೆ ಇಲ್ಲಿ ಸುಮತಿ ಎಂದು ಹೆಸರಿಟ್ಟಿದೆ. ಅದು ಅವರ ಹೆಸರಲ್ಲ. ವಾಹಿನಿ, ಧಾರಾವಾಹಿ, ಸ್ಟುಡಿಯೋಗಳ ಹೆಸರು ಬಿಟ್ಟಿದೆ, ಪಾತ್ರಗಳ ವಿವರವನ್ನು ಗುರುತು ಸಿಗದಷ್ಟು ಬದಲಿಸಿದೆ. ಉಳಿದಿರುವುದು ಕೆಲಸದ ಕ್ರಮ, ಎಡವಿದ ಜಾಗಗಳು ಮತ್ತು ಒಂದೊಂದು ತಿರುವಿನಲ್ಲಿ ತೆಗೆದುಕೊಂಡ ತೀರ್ಮಾನಗಳು.

ಸುಮತಿ ಬೆಂಗಳೂರಿನ ಕಿರುತೆರೆಯಲ್ಲಿ 14 ವರ್ಷ ದುಡಿದವರು. ನಾಯಕಿಯಾಗಿ ಶುರುವಾಗಿ, ನಾಯಕಿಯ ಅಕ್ಕ, ಅತ್ತಿಗೆ ಆಗಿ, 37ನೇ ವಯಸ್ಸಿಗೆ ತಮಗಿಂತ 9 ವರ್ಷವಷ್ಟೇ ಚಿಕ್ಕವನಾದ ನಟನಿಗೆ ತಾಯಿಯಾದರು. ನಟಿಯರ ಪಾಲಿಗೆ ಇದೇನೂ ಹೊಸ ಕತೆಯಲ್ಲ. ತಾಯಿ ಪಾತ್ರಕ್ಕೆ ತಿಂಗಳಿಗೆ ಆರೇಳು ದಿನದ ಕಾಲ್‌ಶೀಟ್ ಸಾಕು; ನಾಯಕಿಗೆ ಇದ್ದದ್ದು 18ರಿಂದ 20 ದಿನ. ಸಂಭಾವನೆ ದಿನದ ಲೆಕ್ಕದ್ದು, ಹಾಗಾಗಿ ಆದಾಯ ಮೂರನೇ ಒಂದಕ್ಕೆ ಇಳಿಯಿತು. ಮೇಲಾಗಿ 'ಟ್ರ್ಯಾಕ್ ಮುಗೀತು' ಎಂದು ಒಂದು ವಾರದ ನೋಟಿಸಿನಲ್ಲಿ ಪಾತ್ರವನ್ನೇ ಸಾಯಿಸಬಹುದು. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂದು ಶೂಟಿಂಗ್ ನಿಂತಾಗ ಆ ಆರೇಳು ದಿನವೂ ಹೋಯಿತು.

ಅದೇ ಹೊತ್ತಿಗೆ ಕನ್ನಡದಲ್ಲಿ ಇನ್ನೊಂದು ಬಾಗಿಲು ತೆರೆಯುತ್ತಿತ್ತು. ಅದು ತಡವಾಗಿ ತೆರೆದ ಬಾಗಿಲು ಎಂಬುದು ಈ ಪ್ರಕರಣಕ್ಕೆ ಮುಖ್ಯ. 1960ರ ದಶಕದ ಡಬ್ಬಿಂಗ್ ವಿರೋಧಿ ಚಳವಳಿಯ ನಂತರ ಸುಮಾರು ಅರ್ಧ ಶತಮಾನ ಕನ್ನಡಕ್ಕೆ ಪರಭಾಷೆಯ ಚಿತ್ರಗಳು ಡಬ್ ಆಗಿ ಬರಲಿಲ್ಲ. 2015ರ ಜುಲೈನಲ್ಲಿ, ಮಾರುಕಟ್ಟೆಯ ಪೈಪೋಟಿಗೆ ಅಡ್ಡಿಯಾಗದಂತೆ ನೋಡಿಕೊಳ್ಳುವ ಭಾರತೀಯ ಸ್ಪರ್ಧಾ ಆಯೋಗ ಈ ತಡೆಯ ವಿರುದ್ಧ ಆದೇಶ ನೀಡಿತು. 2017ರ ನಂತರ ಡಬ್ಬಿಂಗ್ ಚಿತ್ರಗಳು ಒಂದೊಂದಾಗಿ ಬಂದವು. 2020ರಲ್ಲಿ ಹೊಸ ಕಂತುಗಳಿಲ್ಲದೆ ಕೂತಿದ್ದ ವಾಹಿನಿಗಳು ಹಿಂದಿಯ ಧಾರಾವಾಹಿಗಳನ್ನು ಕನ್ನಡಕ್ಕೆ ಡಬ್ ಮಾಡಿ ಹಾಕಲು ಮುಂದಾದವು. ಅಲ್ಲಿಯವರೆಗೆ ನಮ್ಮಲ್ಲಿ ಕಂಠದಾನ ಎಂದರೆ ಬಹುಪಾಲು ಕನ್ನಡ ಬಾರದ ನಾಯಕಿಯರಿಗೆ ದನಿ ಕೊಡುವುದು, ಅದೂ ಬೆರಳೆಣಿಕೆಯ ಕಲಾವಿದರ ಪಾಲಿಗೆ. ಕೆಲಸ ಏಕಾಏಕಿ ಹೆಚ್ಚಿತು. ಅದನ್ನು ಕಲಿಸಿಕೊಡುವ ಏರ್ಪಾಡು ಮಾತ್ರ ತಮಿಳು, ತೆಲುಗಿನಲ್ಲಿದ್ದಷ್ಟು ಬೆಳೆದಿರಲಿಲ್ಲ.

ಸಮಸ್ಯೆ

ನಟನೆ ಗೊತ್ತಿದೆ, ದನಿ ಜನಕ್ಕೆ ಪರಿಚಯವಿದೆ, ಮಾಡಿದ ನಾಲ್ಕಾರು ಸಿನಿಮಾಗಳಲ್ಲಿ ತನ್ನ ಪಾತ್ರಕ್ಕೆ ತಾನೇ ಡಬ್ ಮಾಡಿದ್ದಾಗಿದೆ. ಇನ್ನೇನು ಬೇಕು ಎಂಬುದು ಸುಮತಿಯವರ ಲೆಕ್ಕವಾಗಿತ್ತು. ಮೊದಲ ವಾಯ್ಸ್ ಟೆಸ್ಟ್‌ನಲ್ಲಿ 12 ಡೈಲಾಗ್‌ಗೆ 1 ಗಂಟೆ 50 ನಿಮಿಷ ಹಿಡಿಯಿತು. ರೂಢಿಯಾದ ಕಲಾವಿದರಿಗೆ ಅದು ಕಾಲು ಗಂಟೆಯ ಕೆಲಸ.

ತನ್ನ ಪಾತ್ರಕ್ಕೆ ತಾನೇ ದನಿ ಕೊಡುವಾಗ ಆ ಮುಖದ ಲಯ ಮೈಯಲ್ಲೇ ಇರುತ್ತದೆ. ಎಲ್ಲಿ ಉಸಿರು ಎಳೆದೆ, ಎಲ್ಲಿ ತಡವರಿಸಿದೆ ಎಂಬುದು ನೆನಪಿಗೆ ಬರುವ ಮುಂಚೆಯೇ ಬಾಯಿಗೆ ಬರುತ್ತದೆ. ಬೇರೆಯವರ ಮುಖಕ್ಕೆ, ಅದೂ ಬೇರೆ ಭಾಷೆಯಲ್ಲಿ ಆಡಿದ ಬಾಯಿಗೆ ಮಾತು ಕೂರಿಸುವುದು ಬೇರೆಯದೇ ಕಸುಬು. ಟೆಸ್ಟ್‌ನಲ್ಲಿ ಮೂರು ದೋಷಗಳು ಎದ್ದು ಕಂಡವು. ಪರದೆಯಿಂದ ಬರುವ ಹೆಚ್ಚಿನವರಲ್ಲಿ ಇವೇ ಕಾಣುತ್ತವೆ.

ಮೊದಲನೆಯದು ವಾಕ್ಯದ ಬಾಲ ನುಂಗುವುದು. ಕ್ಯಾಮೆರಾ ಹತ್ತಿರವಿದ್ದು ಎದೆಯ ಮೇಲೆ ಲೇಪಲ್ ಮೈಕ್ ಇದ್ದಾಗ ನಟರು ಮಾತಿನ ಕೊನೆಯನ್ನು ಮುಖಕ್ಕೆ ಬಿಟ್ಟುಕೊಡುತ್ತಾರೆ. ಕಣ್ಣು ತಗ್ಗಿತು, ತುಟಿ ಬಿಗಿಯಿತು, ಅರ್ಥ ಮುಟ್ಟಿತು. ಆದರೆ ಕನ್ನಡದಲ್ಲಿ ಅರ್ಥ ಕೂತಿರುವುದೇ ಬಾಲದಲ್ಲಿ. ಬರ್ತೀನಿ, ಬರಲ್ಲ, ಬರ್ತೀನೇನೋ, ಬರಬೇಕಂತೆ: ನಾಲ್ಕಕ್ಕೂ ತಲೆ ಒಂದೇ, ಬಾಲ ಬೇರೆ ಬೇರೆ. ಅಲ್ಲಿ ದನಿ ಇಳಿದರೆ ಒಪ್ಪಿದಳೋ ನಿರಾಕರಿಸಿದಳೋ ತಿಳಿಯದು. "ಮೇಡಂ, ಕೊನೇ ಪದ ಎಲ್ಲಿ ಹೋಯ್ತು?" ಎಂದು ಡಬ್ಬಿಂಗ್ ಇನ್‌ಚಾರ್ಜ್ ಆ ದಿನ ಏಳೆಂಟು ಸಲ ಕೇಳಿದರು. ಆಮೇಲೆ ವಾಲ್ಯೂಮ್ ಏರಿಸಿಕೊಂಡರಾಯಿತು ಎನ್ನುವಂತಿಲ್ಲ. ಏರಿಸಿದರೆ ಪದದ ಜೊತೆಗೆ ಉಸಿರಿನ ಸುಯ್ಲು, ಕೋಣೆಯ ಗುಂಯ್ ಎನ್ನುವ ಸದ್ದು ಎಲ್ಲವೂ ಏರುತ್ತವೆ.

ಎರಡನೆಯದು ಕಣ್ಣು ಕಾಗದದ ಮೇಲಿರುವುದು. ಸ್ಕ್ರಿಪ್ಟ್ ಓದುತ್ತಾ ಹೋದರೆ ತೆರೆಯ ಮೇಲಿನ ಬಾಯಿ ಮುಚ್ಚಿದ ಮೇಲೂ ಮಾತು ಹರಿಯುತ್ತಿರುತ್ತದೆ. ಮೂರನೆಯದು ಮೈ. ಸಿಟ್ಟಿನ ಮಾತಿಗೆ ಅಭ್ಯಾಸಬಲದಿಂದ ತಲೆ ತಿರುಗಿಸಿದರು, ದನಿ ಮೈಕಿನ ಪಕ್ಕಕ್ಕೆ ಹೋಯಿತು. ಕೈಯಾಡಿಸಿದರು, ಬಳೆ ಸದ್ದಾಯಿತು. ಗಂಜಿ ಹಾಕಿದ ಕಾಟನ್ ಸೀರೆ ಉಟ್ಟು ಬೂತಿನೊಳಗೆ, ಅಂದರೆ ರೆಕಾರ್ಡಿಂಗ್ ಕೋಣೆಯೊಳಗೆ, ಹೋದರೆ ಏನಾಗುತ್ತದೆ ಎಂಬುದೂ ಅವತ್ತೇ ಗೊತ್ತಾಯಿತು.

ಇವುಗಳ ಜೊತೆಗೆ ಒಂದು ಉಚ್ಚಾರದ ತೊಡಕು. ಸುಮತಿ ಹಳೇ ಮೈಸೂರು ಭಾಗದವರು. ಆಯಾಸವಾದಾಗ 'ಹ' ಜಾರಿ 'ಅ' ಆಗುತ್ತಿತ್ತು. ಧಾರಾವಾಹಿಯಲ್ಲಿ ಅದನ್ನು ಯಾರೂ ಎತ್ತಿ ಆಡಿರಲಿಲ್ಲ. ಹೆಡ್‌ಫೋನ್‌ನಲ್ಲಿ ಕೇಳಿದಾಗ ಮಾತ್ರ 'ಅಗಲು' ಹಗಲೇ ಅಥವಾ ಅಗಲುವುದೇ ಎಂಬ ಪ್ರಶ್ನೆ ಬಂತು.

ಮೊದಲು ಮಾಡಿದ್ದು, ಫಲ ಕೊಡದೇ ಹೋದದ್ದು

ಟೆಸ್ಟ್ ಕೈಕೊಟ್ಟ ಮೇಲೆ ಸುಮತಿ ಎರಡು ಕಡೆ ಹಣ ಹಾಕಿದರು.

ಒಂದು, ನಾಲ್ಕು ನಿಮಿಷದ ಡೆಮೊ, ಅಂದರೆ ದನಿಯ ಮಾದರಿ. ಹಿನ್ನೆಲೆ ಸಂಗೀತ, ಒಂದು ಕವಿತೆಯ ವಾಚನ, ಒಂದು ಭಾವುಕ ಸ್ವಗತ. ಸ್ಟುಡಿಯೋಗಳಿಗೆ, ಜಾಹೀರಾತು ಏಜೆನ್ಸಿಗಳಿಗೆ ಕಳಿಸಿದರು. ಒಂದೂ ಕರೆ ಬರಲಿಲ್ಲ. ಡೆಮೊ ಕೇಳುವವರು ಮೊದಲ ಹತ್ತು ಸೆಕೆಂಡಿನಲ್ಲಿ ಹುಡುಕುವುದು ದನಿಯ ಸೊಗಸನ್ನಲ್ಲ. ಈ ದನಿ ಯಾವ ವಯಸ್ಸಿಗೆ ಕೂರುತ್ತದೆ, ಮಾತು ಸ್ಪಷ್ಟವೇ, ಓದಿದಂತಿದೆಯೇ ಆಡಿದಂತಿದೆಯೇ ಎಂದು ನೋಡುತ್ತಾರೆ. ಸಂಗೀತ ಇವೆಲ್ಲವನ್ನೂ ಮುಚ್ಚುತ್ತದೆ. ಮುಂದೆ ಕೆಲಸ ತಂದ ಡೆಮೊ ಒಟ್ಟು 70 ಸೆಕೆಂಡಿನದು. ಸಂಗೀತವಿಲ್ಲದೆ ಐದು ತುಣುಕು: ಇಪ್ಪತ್ತರ ಹುಡುಗಿ, ನಲವತ್ತರ ಕಚೇರಿ ಅಧಿಕಾರಿ, ಅರವತ್ತರ ಅಜ್ಜಿ, ಹತ್ತು ವರ್ಷದ ಹುಡುಗ, ಕೊನೆಗೆ ಬ್ಯಾಂಕಿಗೆ ಫೋನ್ ಮಾಡಿದಾಗ ಕೇಳುವ ಐವಿಆರ್ ಪ್ರಕಟಣೆಯಂಥ ನಿರ್ಲಿಪ್ತ ಓದು.

ಇನ್ನೊಂದು, ಮನೆಯಲ್ಲೇ ರೆಕಾರ್ಡಿಂಗ್. ದುಬಾರಿ ಕಂಡೆನ್ಸರ್ ಮೈಕ್ ಕೊಂಡು, ಗಾಜಿನ ಕಿಟಕಿಯ, ಟೈಲ್ಸ್ ನೆಲದ ಕೋಣೆಯಲ್ಲಿ ಇಟ್ಟರು. ಕಂಡೆನ್ಸರ್ ಮೈಕ್ ಬಲು ಸೂಕ್ಷ್ಮ. ಪಕ್ಕದ ಮನೆಯ ಕುಕ್ಕರ್ ವಿಷಲ್, ಫ್ಯಾನು, ರಸ್ತೆಯ ಆಟೊ ಎಲ್ಲವನ್ನೂ ಹಿಡಿದುಕೊಟ್ಟಿತು. ಮೈಕಿಗೆ ಸುರಿದ ಹಣದಲ್ಲಿ ಕಾಲುಭಾಗ ಕೋಣೆಗೆ ಹಾಕಿದ್ದರೆ ಸಾಕಿತ್ತು. ಕೊನೆಗೆ ಪರಿಹಾರ ಸಿಕ್ಕಿದ್ದು ಬಟ್ಟೆ ತುಂಬಿದ ಬೀರುಗಳಿರುವ, ಕಿಟಕಿಯಿಲ್ಲದ ಸಣ್ಣ ಕೋಣೆಯಲ್ಲಿ. ಬೆನ್ನ ಹಿಂದೆ ಮತ್ತು ಎರಡು ಬದಿಗೆ ದಪ್ಪ ರಜಾಯಿ, ಕೆಳಗೆ ಹತ್ತಿ ಹಾಸಿಗೆ, ಫ್ಯಾನ್ ಬಂದ್, ರೆಕಾರ್ಡಿಂಗ್ ಬೆಳಗಿನ ಜಾವ 5ರಿಂದ 7. ಮೂಲೆಯಲ್ಲಿ ಕೂರಬಾರದು, ಅಲ್ಲಿ ತಗ್ಗಿನ ಸದ್ದು ಗುಡ್ಡೆಯಾಗುತ್ತದೆ. ಗೋಡೆಗೆ ಅಂಟಿಸುವ ತೆಳು ಫೋಮ್ ನೋಡಲು ಸ್ಟುಡಿಯೋದಂತೆ ಕಂಡರೂ ಹೊರಗಿನ ಸದ್ದನ್ನು ತಡೆಯುವುದಿಲ್ಲ. ಅದರ ಕೆಲಸ ಒಳಗಿನ ಪ್ರತಿಧ್ವನಿ ತಗ್ಗಿಸುವುದಷ್ಟೆ.

ತಿರುವು: ಗುಂಪಿನ ದನಿ

ಮೊದಲ ಟೆಸ್ಟ್ ಮಾಡಿಸಿದ್ದ ಇನ್‌ಚಾರ್ಜ್ ಎರಡು ತಿಂಗಳ ನಂತರ ಫೋನ್ ಮಾಡಿ ಕೇಳಿದ್ದು ಪಾತ್ರಕ್ಕಲ್ಲ, ಕ್ರೌಡ್‌ಗೆ. ಮದುವೆ ಮನೆಯ ಗಲಾಟೆ, ಸಂತೆಯ ಕೂಗು, ಆಸ್ಪತ್ರೆಯಲ್ಲಿ ನರ್ಸಿನ ಒಂದೇ ಒಂದು ಸಾಲು. ಐದಾರು ಜನ ಒಂದೇ ಬೂತಿನಲ್ಲಿ ನಿಂತು ಅರ್ಧ ದಿನ ಮಾಡುವ ಕೆಲಸ. ಸಂಭಾವನೆ ಅವರ ಧಾರಾವಾಹಿಯ ಒಂದು ದಿನದ ಪೇಮೆಂಟಿನ ಐದನೇ ಒಂದು ಪಾಲೂ ಇರಲಿಲ್ಲ. ಮನೆಯವರು ಬೇಡವೆಂದರು. ಹದಿನಾಲ್ಕು ವರ್ಷ ಹೆಸರು ಮಾಡಿ ಗುಂಪಿನಲ್ಲಿ ಗೋವಿಂದ ಅನ್ನುವುದೇ ಎಂಬ ಪ್ರಶ್ನೆ ಸಹಜವೇ. ಸುಮತಿ ಒಪ್ಪಿಕೊಂಡರು, ಆರು ತಿಂಗಳು ಅದನ್ನೇ ಮಾಡಿದರು. ಇಡೀ ಪ್ರಕರಣದಲ್ಲಿ ಅತಿ ಹೆಚ್ಚು ಫಲ ಕೊಟ್ಟ ತೀರ್ಮಾನ ಇದು. ಕ್ರೌಡ್‌ನಲ್ಲಿ ಬೂತಿನ ಗಂಟೆಗಳು ಸಿಕ್ಕವು. ತಪ್ಪಿದರೆ ಪಾತ್ರ ಕೆಡುವುದಿಲ್ಲ. ಎಲ್ಲಕ್ಕಿಂತ ಮಿಗಿಲಾಗಿ ನುರಿತವರು ಹೇಗೆ ನಿಲ್ಲುತ್ತಾರೆ, ಎಲ್ಲಿ ನೋಡುತ್ತಾರೆ ಎಂಬುದನ್ನು ಪಕ್ಕದಲ್ಲೇ ನಿಂತು ನೋಡಬಹುದು.

ಅಲ್ಲಿ ಕಲಿತದ್ದರಲ್ಲಿ ಮೊದಲನೆಯದು ದೂರದ ಲೆಕ್ಕ. ಸಾಮಾನ್ಯ ಮಾತಿಗೆ ಬಾಯಿಂದ ಮೈಕಿಗೆ ಒಂದು ಗೇಣು. ಪಿಸುಮಾತಿಗೆ ನಾಲ್ಕು ಬೆರಳು. ಕೂಗಿಗೆ ಒಂದು ಮೊಳ ಹಿಂದೆ ಸರಿದು, ಮುಖವನ್ನು ಕೊಂಚ ಓರೆ ಮಾಡಿ. ಪ, ಬ, ಭ ಬಂದಾಗ ಗಾಳಿ ನೇರ ಮೈಕಿಗೆ ಬಡಿದು 'ಧಬ್' ಎನ್ನುತ್ತದೆ. ಗಾಳಿ ತಡೆಯುವ ಜಾಲರಿ (ಪಾಪ್ ಫಿಲ್ಟರ್) ಇದ್ದರೂ ಮೈಕನ್ನು ಬಾಯಿಯ ನೇರಕ್ಕಿಡದೆ ಮೂಗಿನ ಮಟ್ಟಕ್ಕೆ ಏರಿಸಿದರೆ ಗಾಳಿ ಕೆಳಗಿನಿಂದ ಹಾದುಹೋಗುತ್ತದೆ. ಹೆಡ್‌ಫೋನ್ ಒಂದು ಕಿವಿಗೆ ಮಾತ್ರ. ಇನ್ನೊಂದು ಕಿವಿ ತನ್ನ ದನಿ ಕೇಳಲಿಕ್ಕೆ.

ಎರಡನೆಯದು ಒಂದು ಡೈಲಾಗನ್ನು ಮೂರು ಸಲ ನೋಡುವ ಕ್ರಮ. ಒಮ್ಮೆ ಸದ್ದಿಲ್ಲದೆ, ಬರೀ ದವಡೆ ಮತ್ತು ತುಟಿ ನೋಡುತ್ತಾ. ಇನ್ನೊಮ್ಮೆ ಮೂಲ ದನಿಯೊಂದಿಗೆ, ಉಸಿರು ಎಲ್ಲಿ ಎಂದು ಗುರುತು ಹಾಕಿಕೊಳ್ಳುತ್ತಾ. ಮೂರನೇ ಸಲ ತಾನೇ ಮೆಲ್ಲಗೆ ಆಡುತ್ತಾ. ಆಮೇಲೆ ಟೇಕ್. ಸ್ಕ್ರಿಪ್ಟಿನಲ್ಲಿ ಸಣ್ಣ ತಡೆಗೆ ಒಂದು ಗೀಟು, ದೊಡ್ಡದಕ್ಕೆ ಎರಡು, ತುಟಿ ಮುಚ್ಚುವ ಅಕ್ಷರಕ್ಕೆ ಸುತ್ತು, ವಾಕ್ಯದ ಕೊನೇ ಪದಕ್ಕೆ ಅಡಿಗೆರೆ. ಈ ಅಡಿಗೆರೆ ಸುಮತಿಯವರದೇ ಸೇರ್ಪಡೆ, ಬಾಲ ನುಂಗುವ ಚಟಕ್ಕೆ ಮದ್ದು. ನಾಲ್ಕು ತಿಂಗಳಾದ ಮೇಲೆ ಅದರ ಅಗತ್ಯ ಬೀಳಲಿಲ್ಲ. 'ಹ'ಕಾರಕ್ಕೆ ಮಾತ್ರ ದಿನಾ ಬೆಳಗ್ಗೆ ಹತ್ತು ನಿಮಿಷ ಜೋಡಿ ಪದ ಹೇಳುವ ರೂಢಿ ಉಳಿಯಿತು: ಹಗಲು-ಅಗಲು, ಹರಸು-ಅರಸು, ಹಾಡು-ಆಡು.

ತುಟಿಯ ಲೆಕ್ಕ

ಸುಮತಿಯವರನ್ನು ಕ್ರೌಡ್‌ನಿಂದ ಮುಖ್ಯ ಪಾತ್ರಕ್ಕೆ ಏರಿಸಿದ್ದು ದನಿಯಲ್ಲ. ಸಾಲನ್ನು ಬೂತಿನಲ್ಲೇ ತಿದ್ದುವ ಚಾತುರ್ಯ.

ಡಬ್ಬಿಂಗ್‌ನಲ್ಲಿ ನೋಡುಗನ ಕಣ್ಣು ಸ್ವರಗಳನ್ನು ಕ್ಷಮಿಸುತ್ತದೆ, ತುಟಿ ಮುಚ್ಚುವ ವ್ಯಂಜನಗಳನ್ನು ಕ್ಷಮಿಸುವುದಿಲ್ಲ. ಪ, ಬ, ಮ ಬಂದಾಗ ತುಟಿ ಪೂರ್ತಿ ಮುಚ್ಚಲೇಬೇಕು. ತೆರೆದ ಬಾಯಿಂದ 'ಮ' ಬಂದರೆ ಎಂಥವರಿಗೂ ಎಲ್ಲೋ ಕೆಟ್ಟಿದೆ ಎನಿಸುತ್ತದೆ. ತಮಿಳು ತೆಲುಗುಗಳಿಂದ ಕನ್ನಡಕ್ಕೆ ತರುವಾಗ ಇಲ್ಲೊಂದು ತಮಾಷೆಯ ತೊಂದರೆ ಇದೆ. ಭಾಷೆಗಳು ಅಕ್ಕತಂಗಿಯರು, ವಾಕ್ಯದ ಕಟ್ಟೂ ಒಂದೇ, ಉದ್ದವೂ ಹೆಚ್ಚುಕಡಿಮೆ ಸಮ. ಹಾಗಾಗಿ ಸುಲಭ ಎನ್ನುತ್ತಾರೆ. ಆದರೆ ಹಳಗನ್ನಡದ ಪದದ ಮೊದಲಿನ 'ಪ'ಕಾರ ಹೊಸಗನ್ನಡಕ್ಕೆ ಬರುವಾಗ 'ಹ'ಕಾರವಾಯಿತು. ತಮಿಳರೂ ತೆಲುಗರೂ ಅದನ್ನು ಉಳಿಸಿಕೊಂಡಿದ್ದಾರೆ. ಅವರ 'ಪೋ' ನಮ್ಮ 'ಹೋಗು', ಅವರ 'ಪುಲಿ' ನಮ್ಮ 'ಹುಲಿ', ತೆಲುಗಿನ 'ಪಾಲು' ನಮ್ಮ 'ಹಾಲು', 'ಪೇರು' ನಮ್ಮ 'ಹೆಸರು'. ಪದ ಒಂದೇ, ತುಟಿ ಬೇರೆ. ಪಂಪನ ಕಾಲದ ಕನ್ನಡದಲ್ಲಿ ಡಬ್ ಮಾಡುವುದಾದರೆ ಸಿಂಕ್ ಚಿಂತೆ, ಅಂದರೆ ತುಟಿಗೆ ಮಾತು ಹೊಂದಿಸುವ ಚಿಂತೆ, ಅರ್ಧ ತಗ್ಗುತ್ತಿತ್ತು!

ಕ್ಲೋಸಪ್‌ನಲ್ಲಿ ತೆಲುಗು ನಟ 'ಚೆಪ್ಪು' ಎಂದಾಗ 'ಹೇಳು' ಕೂರುವುದಿಲ್ಲ, 'ಹೇಳಪ್ಪ' ಕೂರುತ್ತದೆ. ಎದುರಿಗಿರುವವರು ಅಪ್ಪ ಎನ್ನಿಸಿಕೊಳ್ಳುವ ಸಲುಗೆಯವರಾಗಿದ್ದರೆ ಮಾತ್ರ. ಪೊಲೀಸ್ ಅಧಿಕಾರಿ ಕೈದಿಗೆ ಹೇಳುವಾಗ 'ಬೊಗಳು' ಎಂದರೂ ಆದೀತು, ತುಟಿ ಮುಚ್ಚುವ ಜಾಗ ಒಂದು ಕ್ಷಣ ಮುಂಚೆ ಬರುತ್ತದೆ, ಅಷ್ಟು ಸಹಿಸಬಹುದು. ಮದುವೆಯ ಮಾತು ಬಂದರೆ ಅದೃಷ್ಟ: 'ಪೆಳ್ಳಿ'ಗೂ 'ಮದುವೆ'ಗೂ ಮೊದಲಲ್ಲೇ ತುಟಿ ಮುಚ್ಚುತ್ತದೆ.

ಹಿಂದಿಯದು ಇನ್ನೊಂದು ಬಗೆ. ಹಿಂದಿಯ ಎಷ್ಟೋ ಪದಗಳು ವ್ಯಂಜನದಲ್ಲಿ ಕಡಿದು ನಿಲ್ಲುತ್ತವೆ, ಕನ್ನಡದ ಪದ ಸಾಮಾನ್ಯವಾಗಿ ಸ್ವರದಲ್ಲಿ ಮುಗಿಯುತ್ತದೆ. ಅಂಥ ಸಾಲುಗಳ ಕೊನೆಗೆ ಒಂದು ಸ್ವರದ ಬಾಲ ಹೆಚ್ಚಾಗುತ್ತದೆ. ಸುಮತಿ ಇನ್‌ಚಾರ್ಜ್‌ನ ಗಮನ ಸೆಳೆದದ್ದು ಹಿಂದಿಯ ಒಂದು ಸಾಲಿನಲ್ಲಿ. ಅಕ್ಕ ತಂಗಿಗೆ 'ಮುಝೇ ಮಾಲೂಮ್ ಹೈ' ಎನ್ನುತ್ತಾಳೆ, ಮುಖ ತೆರೆಯ ತುಂಬ ಇದೆ. ಸ್ಕ್ರಿಪ್ಟಿನಲ್ಲಿ ಇದ್ದದ್ದು 'ನನಗೆ ಗೊತ್ತಿದೆ'. ಆ ಮಾತಿಗೆ ತುಟಿ ಒಮ್ಮೆಯೂ ಮುಚ್ಚುವುದಿಲ್ಲ. ತೆರೆಯ ಮೇಲೆ ಮೂರು ಸಲ ಮುಚ್ಚುತ್ತದೆ. ಎಂಟು ಟೇಕ್ ಹೋದ ಮೇಲೆ, ಇನ್ನೊಬ್ಬ ಕಲಾವಿದೆಗೆ ಪ್ರಾಂಪ್ಟ್ ಮಾಡುತ್ತಿದ್ದ ಸುಮತಿ 'ಮೊದ್ಲೇ ಗೊತ್ತಮ್ಮ' ಅಂದರು. ಹಿಂದಿಯ ಐದು ತುಣುಕಿಗೆ ಕನ್ನಡದ ಐದು ತುಣುಕು, ಶುರುವಿಗೆ ತುಟಿ ಮುಚ್ಚಿ, ಕೊನೆಯಲ್ಲಿ ಮತ್ತೆ ಮುಚ್ಚಿ ತೆರೆಯುತ್ತದೆ. ನಡುವಿನ ಒಂದು ಮುಚ್ಚು ತಪ್ಪಿತು. ಅದನ್ನು ಯಾರೂ ನೋಡಲಿಲ್ಲ. ತಂಗಿಯೊಡನೆ ಆಡುವ ಮಾತಾದ್ದರಿಂದ 'ಅಮ್ಮ' ಮನೆಮಾತಿನಂತೆಯೇ ಕೇಳಿತು. ಸಿಂಕ್‌ಗಾಗಿ ಸೇರಿಸಿದ ಪದ ಸಂಬಂಧಕ್ಕೂ ಹೊಂದಬೇಕು. ಹೊಂದದಿದ್ದರೆ ಸಿಂಕ್ ಕೆಟ್ಟರೂ ಸರಿ, ಮಾತು ಕೆಡಬಾರದು. ಡಬ್ಬಿಂಗ್ ಕನ್ನಡವೆಂದು ಜನ ಗೇಲಿ ಮಾಡುವ ಭಾಷೆ ಹುಟ್ಟುವುದು ಈ ಕ್ರಮ ತಿರುಗಾಮುರುಗಾ ಆದಾಗ.

ಅದಾದ ವಾರದಲ್ಲಿ ಅವರಿಗೆ ಒಂದು ಧಾರಾವಾಹಿಯ ಅತ್ತಿಗೆ ಪಾತ್ರ ಸಿಕ್ಕಿತು.

ಗಂಟಲು

ಪಾತ್ರ ಖಳನಾಯಕಿಯದು, ಕಿರುಚಾಟ ಜಾಸ್ತಿ. 22 ನಿಮಿಷದ ಕಂತು, ವಾರಕ್ಕೆ ಆರು. ಖರ್ಚು ಉಳಿಸಲು ಮೂರು ಕಂತನ್ನು ಒಂದೇ ದಿನ ಮುಗಿಸುತ್ತಿದ್ದರು. ಮೂರನೇ ತಿಂಗಳಲ್ಲಿ ಒಂದು ಸಂಜೆ ದನಿ ಒಡೆಯಿತು, ಮರುದಿನ ಬರೀ ಗಾಳಿ.

ಮೊದಲ ವಾರ ಮಾಡಿದ್ದೆಲ್ಲ ತಪ್ಪು. ಶುಂಠಿ, ಕಲ್ಲುಸಕ್ಕರೆ, ಜ್ಯೇಷ್ಠಮಧು ಬಾಯಲ್ಲಿಟ್ಟುಕೊಂಡು ಕೆಲಸ ಮುಂದುವರಿಸಿದರು. ಇವು ಗಂಟಲಿಗೆ ಹಿತ ಕೊಡುತ್ತವೆ, ನಿಜ. ಆದರೆ ನುಂಗಿದ್ದು ಅನ್ನನಾಳಕ್ಕೆ ಹೋಗುತ್ತದೆ, ಧ್ವನಿತಂತುಗಳಿಗೆ ತಾಗುವುದಿಲ್ಲ. ಮನೆಯಲ್ಲಿ ಪಿಸುಗುಟ್ಟುತ್ತಾ ಮಾತಾಡಿದರು. ಪಿಸುಮಾತು ವಿಶ್ರಾಂತಿಯಲ್ಲ, ಒತ್ತಿ ಪಿಸುಗುಟ್ಟಿದರೆ ಗಂಟಲಿಗೆ ಮತ್ತೂ ಬಿಗಿತ. ಪದೇ ಪದೇ ಕ್ಯಾಕರಿಸಿದ್ದು ಬಾವನ್ನು ಇನ್ನಷ್ಟು ಕೆರಳಿಸಿತು.

ಇಎನ್‌ಟಿ ವೈದ್ಯರು ಸ್ಟ್ರೋಬೋಸ್ಕೋಪಿ (ಧ್ವನಿತಂತುಗಳ ಚಲನೆ ನೋಡುವ ಪರೀಕ್ಷೆ) ಮಾಡಿದಾಗ ಎರಡೂ ತಂತುಗಳ ಅಂಚಿನಲ್ಲಿ ಬಾವು, ಗಂಟು ಕಟ್ಟುವ ಆರಂಭದ ಹಂತ ಕಂಡಿತು. ವಯಸ್ಕ ಹೆಣ್ಣು ಮಾಮೂಲಿಯಾಗಿ ಮಾತಾಡುವಾಗಲೇ ಈ ತಂತುಗಳು ಸೆಕೆಂಡಿಗೆ ಸುಮಾರು 200 ಸಲ ಒಂದಕ್ಕೊಂದು ಬಡಿಯುತ್ತವೆ. ಕೂಗಿದಾಗ ಎಣಿಕೆಯೂ ಏರುತ್ತದೆ, ಪೆಟ್ಟೂ ಬಿರುಸಾಗುತ್ತದೆ. ಹತ್ತು ದಿನ ಪೂರ್ತಿ ಮೌನ, ಆಮೇಲೆ ಎಂಟು ವಾರ ವಾಕ್ ಚಿಕಿತ್ಸೆ. ಬೆಂಗಳೂರಿನಲ್ಲಿ ಇದು ಹಲವು ಆಸ್ಪತ್ರೆಗಳಲ್ಲಿ ಸಿಗುತ್ತದೆ; ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇಂಥ ಚಿಕಿತ್ಸೆಗೆ ಹೆಸರಾದ ಸರ್ಕಾರಿ ಸಂಸ್ಥೆ. ಆರಂಭದ ಗಂಟುಗಳು ಬಹುಮಟ್ಟಿಗೆ ಚಿಕಿತ್ಸೆ ಮತ್ತು ಅಭ್ಯಾಸ ಬದಲಾವಣೆಯಿಂದಲೇ ಕರಗುತ್ತವೆ, ಕತ್ತರಿ ಬೇಕಾಗುವುದಿಲ್ಲ.

ಅಷ್ಟರಲ್ಲಿ ಪಾತ್ರ ಕೈತಪ್ಪಿತ್ತು. ದಿನದ ಧಾರಾವಾಹಿ ಹತ್ತು ದಿನ ಕಾಯುವುದಿಲ್ಲ. ಹೊಸ ದನಿಗೆ ನೋಡುಗರು ಒಮ್ಮೆ ಒಗ್ಗಿಕೊಂಡರೆ ಹಳೆಯದನ್ನು ಮರಳಿ ತರುವುದೂ ಇಲ್ಲ.

ಮರಳಿ ಬಂದಾಗ ಸುಮತಿ ಮೂರು ಷರತ್ತು ಇಟ್ಟುಕೊಂಡರು. ಕೂಗು, ಅಳು, ಹೊಡೆದಾಟದ ಏದುಸಿರು ಇವೆಲ್ಲ ಸೆಷನ್ನಿನ ಕೊನೆಗೆ, ಸಾದಾ ಮಾತುಗಳೆಲ್ಲ ಮುಗಿದ ಮೇಲೆ. ಕೂಗಿನ ಟೇಕ್‌ಗಳಿಗೆ ದಿನಕ್ಕೆ 45 ನಿಮಿಷ ಮೀರುವಂತಿಲ್ಲ. ಪ್ರತಿ 50 ನಿಮಿಷಕ್ಕೆ 10 ನಿಮಿಷ ಬಾಯಿಮುಚ್ಚಿ ಕೂರುವುದು. ಎರಡು ಸ್ಟುಡಿಯೋಗಳು ಒಪ್ಪಲಿಲ್ಲ. ಉಳಿದವರು ಒಪ್ಪಿದ್ದಕ್ಕೆ ಕಾರಣ ದಯೆಯೇನಲ್ಲ: ಕೂಗಿನಿಂದ ದನಿ ಒರಟಾದ ಮೇಲೆ ಸಾದಾ ಮಾತು ರೆಕಾರ್ಡ್ ಮಾಡಿದರೆ ಅದನ್ನು ಮತ್ತೆ ಮಾಡಿಸಬೇಕಾಗುತ್ತದೆ, ಅದು ಅವರಿಗೇ ನಷ್ಟ.

ಹೆಸರೇ ಅಡ್ಡಿಯಾದದ್ದು

ಪರದೆಯ ಪರಿಚಯ ನೆರವಿಗೆ ಬರುತ್ತದೆಂದು ಎಲ್ಲರೂ ಅಂದುಕೊಂಡಿದ್ದರು. ಆದದ್ದು ಉಲ್ಟಾ. ಒಂದು ನಾಯಕಿ ಪಾತ್ರಕ್ಕೆ ಕೊಟ್ಟ ದನಿಯನ್ನು ವಾಹಿನಿಯವರು ತಿರಸ್ಕರಿಸಿದರು, ಕೇಳಿದೊಡನೆ 'ಆ ಸೊಸೆ' ನೆನಪಾಗುತ್ತಾಳೆ ಎಂದು. ಕಂಠದಾನದಲ್ಲಿ ದನಿ ಮುಖದೊಳಗೆ ಕರಗಬೇಕು. ಹಿಂದಿನಿಂದ ಇನ್ನೊಂದು ಮುಖ ಇಣುಕಬಾರದು. ಹಾಗಾಗಿ ಸುಮತಿ ತಮ್ಮ ದನಿಯಿಂದ ದೂರವಿರುವ ಪಾತ್ರಗಳತ್ತ ಹೊರಳಿದರು. ಅದರಲ್ಲಿ ಕೈಹಿಡಿದದ್ದು ಎಂಟರಿಂದ ಹನ್ನೆರಡು ವರ್ಷದ ಗಂಡುಮಕ್ಕಳ ದನಿ. ಇಂಥ ಪಾತ್ರಗಳಿಗೆ ಹೆಂಗಸರೇ ದನಿ ಕೊಡುವುದು ರೂಢಿ. ನಿಜವಾದ ಮಕ್ಕಳನ್ನು ಕರೆಸಿದರೆ ಶಾಲೆ ಅಡ್ಡಬರುತ್ತದೆ, ಸಿಂಕ್‌ಗೆ ಹೊತ್ತು ಹಿಡಿಯುತ್ತದೆ, ಧಾರಾವಾಹಿ ಎರಡು ವರ್ಷ ನಡೆದರೆ ಹುಡುಗನ ದನಿಯೇ ಒಡೆದಿರಬಹುದು.

ಶ್ರುತಿ ಏರಿಸಿದರೆ ಹುಡುಗನಾಗುವುದಿಲ್ಲ, ಕಾರ್ಟೂನಾಗುತ್ತದೆ. ನಾಲಿಗೆಯನ್ನು ಮುಂದೆ ಹಲ್ಲಿನ ಹತ್ತಿರ ಇಟ್ಟು, ತುಟಿಗಳನ್ನು ತುಸು ಅಗಲಿಸಿ, ಉಸಿರನ್ನು ಚಿಕ್ಕದಾಗಿಸಿ ವಾಕ್ಯವನ್ನು ಎರಡು ಮೂರು ತುಂಡಲ್ಲಿ ಆಡಬೇಕು. ಒತ್ತಕ್ಷರಗಳನ್ನು ಕೊಂಚ ಸಡಿಲಿಸಬೇಕು. ದೊಡ್ಡವರ ಮಾತಿನ ಕೊನೆಯಲ್ಲಿ ಬರುವ ರಾಗದ ಇಳಿತ ಇರಬಾರದು. 41ನೇ ವಯಸ್ಸಿನಲ್ಲಿ, ಕ್ಯಾಮೆರಾ ಮುಂದೆ ಅಜ್ಜಿ ಪಾತ್ರದ ವಿಚಾರಣೆ ಬರತೊಡಗಿದ ಹೊತ್ತಿನಲ್ಲಿ, ಅವರು ಹತ್ತು ವರ್ಷದ ತುಂಟನಾಗಿ ವಾರಕ್ಕೆ ಮೂರು ದಿನ ದುಡಿಯುತ್ತಿದ್ದರು.

ನಡುವೆ ಆಡಿಯೋ ಪುಸ್ತಕ ಒಂದನ್ನು ಮಾಡಿದರು. ಮೊದಲ ಅಧ್ಯಾಯ ಎರಡು ಸಲ ತಿರಸ್ಕೃತವಾಯಿತು. ಒಮ್ಮೆ ಕುರ್ಚಿಯ ಕಿರಕಿರಿ ಮತ್ತು ಕೋಣೆಯ ಸದ್ದಿಗೆ. ಮೌನದ ಜಾಗದಲ್ಲಿ ಸದ್ದು ಮೈನಸ್ 60 ಡೆಸಿಬೆಲ್‌ಗಿಂತ ಕೆಳಗಿರಬೇಕು ಎಂಬುದು ಈ ಕೆಲಸದ ಸಾಮಾನ್ಯ ಅಳತೆ. ಇನ್ನೊಮ್ಮೆ ಅತಿನಟನೆಗೆ. ಪ್ರತಿ ಪಾತ್ರಕ್ಕೂ ಒಂದೊಂದು ದನಿ ಮಾಡಿದ್ದರು, ಕೇಳುಗನಿಗೆ ಊಹಿಸಲು ಏನೂ ಉಳಿದಿರಲಿಲ್ಲ. ಹಣ ಸಿದ್ಧವಾದ ಒಂದು ಗಂಟೆಯ ಲೆಕ್ಕದಲ್ಲಿ ಬರುತ್ತದೆ. ಆರಂಭದಲ್ಲಿ ಆ ಒಂದು ಗಂಟೆಗೆ ಐದು ಗಂಟೆ ಕೂರಬೇಕಾಯಿತು. ತಪ್ಪಿದಲ್ಲಿ ನಿಲ್ಲಿಸಿ, ಮೂರ್ನಾಲ್ಕು ಸೆಕೆಂಡ್ ಹಿಂದಿನಿಂದ ಕೇಳಿಸಿಕೊಂಡು ಅಲ್ಲಿಂದಲೇ ರೆಕಾರ್ಡ್ ಮುಂದುವರಿಸುವ ಪಂಚ್ ಅಂಡ್ ರೋಲ್ ಪದ್ಧತಿ ಕಲಿತ ಮೇಲೆ ಅದು ಎರಡೂವರೆಗೆ ಇಳಿಯಿತು. ಊರು, ಮನೆತನ, ಗಿಡಮರಗಳ ಹೆಸರನ್ನು ಮೊದಲೇ ಪಟ್ಟಿ ಮಾಡಿ ಲೇಖಕರ ಕಡೆಯಿಂದ ಉಚ್ಚಾರ ಖಚಿತಪಡಿಸಿಕೊಳ್ಳದಿದ್ದರೆ ಮುಗಿದ ಮೇಲೆ ಇಪ್ಪತ್ತು ಕಡೆ ಮತ್ತೆ ಓದಿ ಪ್ಯಾಚ್ ಹಾಕಬೇಕಾಗುತ್ತದೆ. ಅವರು ಹಾಕಿದರು ಕೂಡ.

ದನಿಯನ್ನೇ ಮಾರುವ ಪ್ರಶ್ನೆ

2023ರಲ್ಲಿ ಒಂದು ಸಂಸ್ಥೆ 20 ಗಂಟೆಯಷ್ಟು ಬಿಡಿ ವಾಕ್ಯಗಳನ್ನು ಓದಿಕೊಡಲು ಕೇಳಿತು. ಮೊತ್ತ ಅವರ ಐದು ತಿಂಗಳ ದುಡಿಮೆಗೆ ಸಮ. ಕರಾರಿನಲ್ಲಿ ಒಂದು ಸಾಲಿತ್ತು: ಈ ಧ್ವನಿಮುದ್ರಣವನ್ನು ಯಾವುದೇ ಉದ್ದೇಶಕ್ಕೆ, ಯಾವುದೇ ತಂತ್ರಜ್ಞಾನದಿಂದ, ಜಗತ್ತಿನಾದ್ಯಂತ, ಶಾಶ್ವತವಾಗಿ ಬಳಸಬಹುದು. ಅರ್ಥ ಇಷ್ಟೇ: ಈ ವಾಕ್ಯಗಳಿಂದ ಕೃತಕ ದನಿ ಕಟ್ಟಿ, ನಾಳೆ ಅವರೇ ಹೋಗಬಹುದಾಗಿದ್ದ ಜಾಹೀರಾತಿಗೂ ಪಾಠದ ಓದಿಗೂ ಅದನ್ನೇ ಕೂರಿಸಬಹುದು. ಸುಮತಿ ಮೂರು ತಿದ್ದುಪಡಿ ಕೇಳಿದರು: ಬಳಕೆ ಒಂದೇ ಉತ್ಪನ್ನಕ್ಕೆ, ಅವಧಿ ಮೂರು ವರ್ಷ, ಬೇರೆಯವರಿಗೆ ಮಾರುವಂತಿಲ್ಲ. ಸಂಸ್ಥೆ ಒಪ್ಪಲಿಲ್ಲ, ಇವರು ಬಿಟ್ಟರು.

ಇದು ಸರಿಯಾದ ತೀರ್ಮಾನವೇ? ಹಣದ ಲೆಕ್ಕದಲ್ಲಿ ವಾದಕ್ಕೆ ಜಾಗವಿದೆ. ಅದೇ ಕೆಲಸಕ್ಕೆ ಬೇರೆ ದನಿ ಸಿಕ್ಕೇ ಸಿಗುತ್ತದೆ, ಕೃತಕ ದನಿ ಬಂದೇ ಬರುತ್ತದೆ. ಆದರೆ ಕಾನೂನಿನ ಕಡೆಯಿಂದ ನೋಡಿದರೆ ಸಣ್ಣ ಕಲಾವಿದರಿಗೆ ಕರಾರೇ ಕೋಟೆ. 2023ರಲ್ಲಿ ದೆಹಲಿ ಹೈಕೋರ್ಟ್ ಅನಿಲ್ ಕಪೂರ್ ಅವರ ಪರವಾಗಿ, 2024ರಲ್ಲಿ ಬಾಂಬೆ ಹೈಕೋರ್ಟ್ ಅರಿಜಿತ್ ಸಿಂಗ್ ಅವರ ಪರವಾಗಿ, ಅನುಮತಿಯಿಲ್ಲದೆ ಎಐ ಮೂಲಕ ಅವರನ್ನು ಅನುಕರಿಸುವುದನ್ನು ತಡೆಯುವ ಮಧ್ಯಂತರ ಆದೇಶ ನೀಡಿದವು. ಅಲ್ಲಿ ಕೆಲಸ ಮಾಡಿದ್ದು ಅವರ ಖ್ಯಾತಿ. ಹೆಸರು ಯಾರಿಗೂ ಗೊತ್ತಿರದ ಕಂಠದಾನ ಕಲಾವಿದೆ, ತಾನೇ ಶಾಶ್ವತ ಹಕ್ಕು ಬರೆದುಕೊಟ್ಟ ಮೇಲೆ, ಆ ದಾರಿ ಹಿಡಿಯುವುದು ಕಷ್ಟ.

ಈಗ

ಐದು ವರ್ಷದ ಕೊನೆಗೆ ಸುಮತಿಯವರ ಆದಾಯದಲ್ಲಿ ಅರ್ಧದಷ್ಟು ಡಬ್ಬಿಂಗ್‌ನದು, ಮೂರನೇ ಒಂದು ಪಾಲು ಜಾಹೀರಾತು, ಇ-ಕಲಿಕೆ ಪಾಠ, ಐವಿಆರ್ ದನಿಗಳದು, ಉಳಿದದ್ದು ವರ್ಷಕ್ಕೊಮ್ಮೆ ಬರುವ ಪರದೆಯ ಪಾತ್ರ. ಒಟ್ಟು ಮೊತ್ತ ನಾಯಕಿಯಾಗಿದ್ದ ಕಾಲದಷ್ಟಿಲ್ಲ, ತಾಯಿ ಪಾತ್ರದ ಕಾಲಕ್ಕಿಂತ ಹೆಚ್ಚು. ಒಂದೇ ಸೀರಿಯಲ್ ಮುಗಿದರೆ ಎಲ್ಲ ಮುಗಿಯಿತು ಎಂಬ ಭಯ ಇಲ್ಲ. ಹಣ ಕೈಗೆ ಬರಲು ಎರಡು ಮೂರು ತಿಂಗಳು ಹಿಡಿಯುತ್ತದೆ, ಶೇ. 10 ಟಿಡಿಎಸ್ (ಮೂಲದಲ್ಲೇ ಹಿಡಿಯುವ ತೆರಿಗೆ) ಕಡಿದೇ ಬರುತ್ತದೆ. ಮೊದಲೆರಡು ವರ್ಷ ರಿಟರ್ನ್ ಸಲ್ಲಿಸದೆ ಆ ಹಣವನ್ನು ವಾಪಸ್ ಕೇಳದೇ ಬಿಟ್ಟಿದ್ದು ಸುಮ್ಮನೆ ಕಳೆದುಕೊಂಡ ಮೊತ್ತ.

ತಪ್ಪೆನ್ನಬಹುದಾದ ತೀರ್ಮಾನಗಳು ಎರಡು: ಕೋಣೆಗಿಂತ ಮೊದಲು ಮೈಕ್ ಕೊಂಡದ್ದು, ದನಿ ಒಡೆದ ಮೇಲೂ ಒಂದು ವಾರ ದುಡಿದದ್ದು. ಎರಡನೆಯದಕ್ಕೆ ಒಂದು ಪಾತ್ರವೇ ಹೋಯಿತು.

ಬಗೆಹರಿಯದೆ ಉಳಿದಿರುವುದು ಹೆಸರಿನ ವಿಷಯ. ಡಬ್ ಆದ ಧಾರಾವಾಹಿಗಳಲ್ಲಿ ದನಿ ಕೊಟ್ಟವರ ಹೆಸರು ಸಾಮಾನ್ಯವಾಗಿ ಕಾಣುವುದಿಲ್ಲ. ಇದು ಬರೀ ಮಾನದ ಪ್ರಶ್ನೆಯಲ್ಲ. 2012ರಲ್ಲಿ ತಿದ್ದುಪಡಿಯಾದ ಕೃತಿಸ್ವಾಮ್ಯ ಕಾಯ್ದೆ ಪ್ರದರ್ಶಕರಿಗೆ ವಾಣಿಜ್ಯ ಬಳಕೆಯ ರಾಯಧನದ ಹಕ್ಕನ್ನೂ ತನ್ನನ್ನು ಹೆಸರಿಸಬೇಕೆಂದು ಕೇಳುವ ಹಕ್ಕನ್ನೂ ಕೊಡುತ್ತದೆ. ಅದೇ ಕಾಯ್ದೆಯ ವ್ಯಾಖ್ಯೆಯಲ್ಲಿ, ಚಲನಚಿತ್ರದಲ್ಲಿ ಆಕಸ್ಮಿಕ ಸ್ವರೂಪದ ಕೆಲಸ ಮಾಡಿ ಉದ್ಯಮದ ರೂಢಿಯಂತೆ ಎಲ್ಲೂ ಹೆಸರು ಬಾರದವರು ಪ್ರದರ್ಶಕರೆನಿಸುವುದಿಲ್ಲ ಎಂದಿದೆ. ಅಂಥವರಿಗೆ ಉಳಿಯುವುದು ತಮ್ಮ ಪ್ರದರ್ಶನವನ್ನು ವಿರೂಪಗೊಳಿಸದಂತೆ ತಡೆಯುವ ಹಕ್ಕೊಂದೇ. ಮುಖ್ಯ ಪಾತ್ರಕ್ಕೆ ದನಿ ಕೊಟ್ಟವರ ಕೆಲಸ ಆಕಸ್ಮಿಕವಲ್ಲ ಎಂದು ವಾದಿಸಬಹುದು, ಹೆಸರು ತೆರೆಯ ಮೇಲಿದ್ದರೆ ಆ ವಾದ ಬೇಕೇ ಆಗುವುದಿಲ್ಲ. ಸುಮತಿ ಈಗ ಪ್ರತಿ ಕರಾರಿನಲ್ಲೂ ಕೈಬರಹದಲ್ಲಿ ಒಂದು ಸಾಲು ಸೇರಿಸಿ ಕಳಿಸುತ್ತಾರೆ: ಕೊನೆಯ ಶೀರ್ಷಿಕೆಗಳಲ್ಲಿ ಕಂಠದಾನ ಎಂದು ಹೆಸರು ಹಾಕತಕ್ಕದ್ದು. ಕಳೆದ ವರ್ಷ ಕಳಿಸಿದ ಒಂಬತ್ತರಲ್ಲಿ ನಾಲ್ಕು ಸಹಿಯಾಗಿ ಬಂದವು, ಮೂರರಲ್ಲಿ ಆ ಸಾಲಿಗೆ ಗೀಟು ಬಿದ್ದಿತ್ತು, ಎರಡಕ್ಕೆ ಉತ್ತರವೇ ಇಲ್ಲ.